ಒಂಬತ್ತು ವರ್ಷದ ಮಗಳಿಗೆ ಯಾವ ತರಗತಿಯ ಗಣಿತ? ಆರನೆಯದು ಸಪ್ಪೆ, ಎಂಟನೆಯದು ಕಗ್ಗಂಟು

ಪ್ರಶ್ನೆ: ಸಾಗರದ ತಾಯಿ

ನಮಸ್ಕಾರ. ನಮ್ಮ ಮಗಳಿಗೆ ಒಂಬತ್ತು ವರ್ಷ. ಶಾಲೆಗೆ ಸೇರಿಸದೆ ಮೊದಲಿನಿಂದಲೂ ಮನೆಯಲ್ಲೇ ಕಲಿಸುತ್ತಿದ್ದೇವೆ. ಲೆಕ್ಕವೆಂದರೆ ಅವಳಿಗೆ ಪ್ರಾಣ. ಎನ್‌ಸಿಇಆರ್‌ಟಿಯ ಐದು ಮತ್ತು ಆರನೇ ತರಗತಿಯ ಪುಸ್ತಕಗಳನ್ನು ಹೆಚ್ಚೂಕಡಿಮೆ ತಾನೇ ಓದಿಕೊಂಡು ಮುಗಿಸಿದಳು. ಏಳನೆಯದರಲ್ಲಿ ಇಷ್ಟವಾದ ಪಾಠಗಳನ್ನಷ್ಟೇ ಮಾಡಿ ಎಂಟನೆಯದಕ್ಕೆ ಜಿಗಿದಳು. ತೊಂದರೆ ಅಲ್ಲಿಂದ ಶುರು. ಸರಳ ಸಮೀಕರಣಗಳನ್ನು ಬಾಯಲ್ಲೇ ಬಿಡಿಸುವ ಹುಡುಗಿ, ಅದರೊಳಗೆ ಭಿನ್ನರಾಶಿ ಬಂದ ಕೂಡಲೇ ಪೆನ್ಸಿಲ್ ಕೆಳಗಿಡುತ್ತಾಳೆ. ಒತ್ತಾಯ ಮಾಡಿದರೆ ಅಳು. ಆರನೇ ತರಗತಿಗೇ ಹಿಂದಿರುಗೋಣ ಎಂದರೆ "ಇದೆಲ್ಲ ನನಗೆ ಗೊತ್ತು ಅಮ್ಮ" ಎಂದು ಪುಸ್ತಕ ಮುಚ್ಚುತ್ತಾಳೆ.

ಅಂತರ್ಜಾಲದಲ್ಲಿ ಸಿಗುವ ಮಟ್ಟ ಪರೀಕ್ಷೆಗಳನ್ನು ಕೊಟ್ಟು ನೋಡಿದೆ. ಒಂದು ಅವಳನ್ನು ಏಳನೇ ತರಗತಿಯಲ್ಲಿ ಕೂರಿಸಿತು, ಇನ್ನೊಂದು ಐದನೆಯದರಲ್ಲಿ. ಯಾವುದನ್ನು ನಂಬಲಿ? ಇಷ್ಟು ಚುರುಕಿದ್ದಾಳೆ, ಹತ್ತನೇ ತರಗತಿ ಪರೀಕ್ಷೆಯನ್ನು ಬೇಗ ಬರೆಸಿಬಿಡಿ ಎಂದು ನೆಂಟರ ಒತ್ತಾಯ ಬೇರೆ.

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಧಾರವಾಡ

ಅಮ್ಮಾ, ಆ ಎರಡು ಪರೀಕ್ಷೆಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ. ಸಿಂಗಪುರದವರು, ಅಮೆರಿಕದವರು, ನಾವು ಒಂದೇ ವಿಷಯವನ್ನು ಬೇರೆ ಬೇರೆ ವರ್ಷಗಳಲ್ಲಿ ಕಲಿಸುತ್ತೇವೆ. ಪ್ರಶ್ನೆಪತ್ರಿಕೆ ಯಾವ ಪಠ್ಯಕ್ರಮದ್ದೋ, ತರಗತಿಯ ಲೆಕ್ಕವೂ ಅದರದ್ದೇ. ಮೇಲಾಗಿ ಇಂಥ ಪರೀಕ್ಷೆಗಳು ನೋಡುವುದು ಉತ್ತರವನ್ನು ಮಾತ್ರ. ಮಗು ಆ ಉತ್ತರಕ್ಕೆ ಯಾವ ದಾರಿಯಲ್ಲಿ ಬಂತು ಎಂಬುದು ಅವುಗಳಿಗೆ ಕಾಣುವುದಿಲ್ಲ. ಬೇಗ ಕಲಿಯುವ ಮಕ್ಕಳ ವಿಷಯದಲ್ಲಿ ನೋಡಬೇಕಾದದ್ದು ಆ ದಾರಿಯನ್ನೇ, ಏಕೆಂದರೆ ಅವರಿಗೆ ನೆನಪಿನ ಶಕ್ತಿ ಹೆಚ್ಚು. ಅರ್ಥವಾಗದ ನಿಯಮವನ್ನೂ ಒಮ್ಮೆ ನೋಡಿ ಇಟ್ಟುಕೊಂಡುಬಿಡುತ್ತಾರೆ.

ಯಾವ ತರಗತಿಯೆಂದು ಬರೆಯದೆ, ಒಂದು ಬಿಳಿ ಹಾಳೆಯಲ್ಲಿ ಇವಿಷ್ಟನ್ನು ಕೊಡಿ. 8 + 4 = □ + 5, ಚೌಕದಲ್ಲಿ ಏನು ಬರಬೇಕು? 0.3 ದೊಡ್ಡದೋ 0.25 ದೊಡ್ಡದೋ? 3 − (−5) ಎಷ್ಟು? 2/3 ಮತ್ತು 3/5ರಲ್ಲಿ ಯಾವುದು ದೊಡ್ಡದು? (ಛೇದಗಳನ್ನು ಸಮ ಮಾಡದೆ ಹೇಳಬೇಕು. ಒಂದಕ್ಕೆ ಎಷ್ಟು ಕಡಿಮೆ ಎಂದು ಯೋಚಿಸುವ ಮಗು ಥಟ್ಟನೆ ಹಿಡಿಯುತ್ತದೆ.) 5 ಕಿಲೋ ಅಕ್ಕಿಗೆ 300 ರೂಪಾಯಿಯಾದರೆ ಮೂರೂವರೆ ಕಿಲೋಗೆ ಎಷ್ಟು? ಕೊನೆಗೆ 3/4 ÷ 1/8. ಇದಕ್ಕೆ ಉತ್ತರ ಬಂದ ಮೇಲೆ, ಈ ಭಾಗಾಕಾರಕ್ಕೆ ಹೊಂದುವ ಒಂದು ಹೇಳಿಕೆ ಲೆಕ್ಕವನ್ನು ಅವಳೇ ಕಟ್ಟಲಿ.

ಪ್ರತಿ ಉತ್ತರಕ್ಕೂ "ಹೇಗೆ ಗೊತ್ತಾಯಿತು?" ಎಂದು ಕೇಳಿ. ಸರಿ, ತಪ್ಪು ಎನ್ನಬೇಡಿ, ಅಲ್ಲೇ ಕಲಿಸಲು ಹೊರಡಲೂ ಬೇಡಿ. ಅವಳು ಆಡಿದ ಮಾತನ್ನು ಹಾಗೆಯೇ ಬರೆದುಕೊಂಡು ಬನ್ನಿ.

ಸಾಗರದ ತಾಯಿ

ಕೊಟ್ಟು ನೋಡಿದೆ ಸರ್. ಮೊದಲನೆಯದಕ್ಕೆ 7 ಎಂದು ಸರಿಯಾಗಿಯೇ ಬರೆದಳು. ದಶಮಾಂಶ, ಋಣ ಸಂಖ್ಯೆ, ಅಕ್ಕಿಯ ಲೆಕ್ಕ ಯಾವುದರಲ್ಲೂ ತಡವರಿಸಲಿಲ್ಲ. 2/3, 3/5ಕ್ಕೆ ಮಾತ್ರ ಛೇದ ಸಮ ಮಾಡದೆ ಹೇಳಲು ಆಗಲಿಲ್ಲ.

3/4 ÷ 1/8ಕ್ಕೆ ಕ್ಷಣದಲ್ಲಿ 6 ಎಂದಳು. ಹೇಗೆ ಎಂದರೆ "ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿದೆ." ಕಥೆ ಕಟ್ಟು ಎಂದಾಗ ಅವಳು ಹೇಳಿದ್ದು: "ಮುಕ್ಕಾಲು ರೊಟ್ಟಿಯನ್ನು ಎಂಟು ಜನರಿಗೆ ಹಂಚಿದೆವು. ಒಬ್ಬೊಬ್ಬರಿಗೆ ಎಷ್ಟು?" ನಾನು ಸುಮ್ಮನೆ, ಎಷ್ಟು ಬಂತು ಎಂದೆ. "ಆರು ರೊಟ್ಟಿ" ಎಂದವಳು ಅಲ್ಲಿಗೇ ನಿಂತಳು. "ಇರುವುದೇ ಮುಕ್ಕಾಲು ರೊಟ್ಟಿ, ಒಬ್ಬೊಬ್ಬರಿಗೆ ಆರು ಹೇಗೆ ಬಂತು?" ಎಂದು ನನ್ನನ್ನೇ ಕೇಳಿದಳು. ಅಳಲಿಲ್ಲ. ತುಂಬಾ ಹೊತ್ತು ಹಾಳೆಯನ್ನೇ ನೋಡುತ್ತಿದ್ದಳು.

ನಿವೃತ್ತ ಗಣಿತ ಶಿಕ್ಷಕ, ಧಾರವಾಡ

ಬಹಳ ಸಂತೋಷ. ಉತ್ತರ ಹೊಂದುತ್ತಿಲ್ಲ ಎಂದು ತಾನೇ ಕಂಡುಕೊಂಡಳಲ್ಲ, ಅವಳ ತಲೆ ಚೆನ್ನಾಗಿದೆ ಎನ್ನಲು ಅದು ಸಾಕು. ತೊಂದರೆ ಇರುವುದು ಒಂದೇ ಕಡೆ: ಭಿನ್ನರಾಶಿಗಳ ಗುಣಾಕಾರ, ಭಾಗಾಕಾರ. ನಿಯಮ ಬಂದಿದೆ, ಅರ್ಥ ಬಂದಿಲ್ಲ. ಎಂಟನೇ ತರಗತಿಯ ಸಮೀಕರಣಗಳಲ್ಲಿ ಅಳು ಬರುತ್ತಿರುವುದು ಇದರಿಂದಲೇ, ಬೀಜಗಣಿತದಿಂದಲ್ಲ.

ಆದ್ದರಿಂದ ಇಡೀ ಆರನೇ ತರಗತಿಗೆ ದಯವಿಟ್ಟು ಹಿಂದಕ್ಕೆ ಕಳುಹಿಸಬೇಡಿ. ಗೊತ್ತಿರುವುದನ್ನು ಮತ್ತೆ ಮಾಡಿಸಿದರೆ ಇಂಥ ಮಕ್ಕಳಿಗೆ ಗಣಿತದ ಮೇಲಿನ ಪ್ರೀತಿಯೇ ಹೋಗುತ್ತದೆ. ಏಳನೇ ತರಗತಿಯನ್ನು ಮುಖ್ಯ ದಾರಿಯಾಗಿ ಇಟ್ಟುಕೊಳ್ಳಿ. ಪಾಠ ಶುರು ಮಾಡುವ ಮೊದಲೇ ಅದರ ಅಭ್ಯಾಸದ ಕೊನೆಯ ಕಷ್ಟದ ಲೆಕ್ಕಗಳನ್ನು ಕೊಡಿ. ಯಾರ ಸಹಾಯವೂ ಇಲ್ಲದೆ ಬಿಡಿಸಿ, ಕಾರಣವನ್ನೂ ಹೇಳಿದರೆ ಆ ಪಾಠ ಬಿಟ್ಟು ಮುಂದೆ ಹೋಗಿ. ಅರ್ಧಕ್ಕೆ ನಿಂತರೆ ನಿಂತದ್ದನ್ನಷ್ಟೇ ಕಲಿಸಿ. ಪೂರ್ಣಾಂಕಗಳಿರುವ ಸಮೀಕರಣಗಳನ್ನು ಎಂಟನೆಯ ತರಗತಿಯದರಿಂದಲೇ ಮಾಡುತ್ತಿರಲಿ, ಅವಳಿಗೆ ಅದು ಖುಷಿ.

ಭಿನ್ನರಾಶಿಗೆ ಮಾತ್ರ ಪುಸ್ತಕ ಬೇಡ. ಮುಕ್ಕಾಲು ಲೀಟರ್ ನೀರು, 125 ಮಿಲಿಲೀಟರ್ ಹಿಡಿಯುವ ಒಂದು ಲೋಟ ಕೊಡಿ. ಆ ಲೋಟ ಲೀಟರಿನ ಎಂಟನೇ ಒಂದು ಭಾಗ ಎಂದು ಅವಳೇ ಲೆಕ್ಕ ಹಾಕಲಿ, ಎಷ್ಟು ಲೋಟ ತುಂಬುತ್ತದೆ ಎಂದು ಸುರಿದು ಎಣಿಸಲಿ. ಆಮೇಲೆ ಅರ್ಧ ಲೀಟರ್ ನೀರು, ಮುಕ್ಕಾಲು ಲೀಟರ್ ಹಿಡಿಯುವ ಪಾತ್ರೆ: 1/2 ÷ 3/4. ಪಾತ್ರೆ ತುಂಬುವುದಿಲ್ಲ, ಮೂರರಲ್ಲಿ ಎರಡು ಭಾಗಕ್ಕೆ ಬಂದು ನಿಲ್ಲುತ್ತದೆ. ಅದನ್ನು ಕಣ್ಣಾರೆ ಕಂಡವರು ಉತ್ತರ 2/3 ಎಂಬುದನ್ನು ಮರೆಯುವುದಿಲ್ಲ. ತಲೆಕೆಳಗು ಮಾಡುವ ನಿಯಮ ಏಕೆ ಎಂಬುದನ್ನು ಕೊನೆಯಲ್ಲಿ ಅವಳೇ ವಿವರಿಸಬೇಕು.

ಮಟ್ಟ ಸರಿಯಿದೆ ಎಂದು ತಿಳಿಯುವುದು ಹೇಗೆಂದರೆ, ದಿನಕ್ಕೆ ಒಂದೆರಡು ಕಡೆ ಸಿಕ್ಕಿಹಾಕಿಕೊಳ್ಳಬೇಕು, ಹೆಚ್ಚಿನ ಸಲ ತಾನೇ ಬಿಡಿಸಿಕೊಳ್ಳಬೇಕು. ಎಲ್ಲವೂ ಸರಸರ ಮುಗಿಯುತ್ತಿದ್ದರೆ ಮೇಲಕ್ಕೆ ಹೋಗಿ. ಪ್ರತಿ ಲೆಕ್ಕಕ್ಕೂ ನಿಮ್ಮ ಮುಖ ನೋಡುತ್ತಿದ್ದರೆ ಕೆಳಕ್ಕೆ ಬನ್ನಿ.

ಉತ್ತರ: ಮನೆಯಲ್ಲೇ ಕಲಿತ ಮಗನ ತಂದೆ, ಮೈಸೂರು

ಪರೀಕ್ಷೆಯ ವಿಷಯಕ್ಕೆ ಒಂದು ಮಾತು ಮೇಡಂ. ಎನ್‌ಐಒಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು. ಅದಕ್ಕೂ ಮೊದಲು ಪ್ರಮಾಣಪತ್ರ ಬೇಕೆನಿಸಿದರೆ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳಿವೆ. ಅವು 3, 5 ಮತ್ತು 8ನೇ ತರಗತಿಗಳಿಗೆ ಸಮ. ಅಲ್ಲಿಗೆ, ನೆಂಟರ ಅವಸರಕ್ಕೆ ಅರ್ಥವಿಲ್ಲ. ನಿಮ್ಮ ಕೈಯಲ್ಲಿ ಇನ್ನೂ ವರ್ಷಗಳಿವೆ.

ಆ ಸಮಯವನ್ನು ಮುಂದಿನ ತರಗತಿಗಳಿಗೆ ಓಡಲು ಬಳಸುವುದಕ್ಕಿಂತ ಅಕ್ಕಪಕ್ಕಕ್ಕೆ ಹರಡಲು ಬಳಸಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ನಮ್ಮ ನಾಡಿನಲ್ಲಿದ್ದ ಮಹಾವೀರಾಚಾರ್ಯರು, ಅಂಶ 1 ಇರುವ ಭಿನ್ನಗಳನ್ನು ಕೂಡಿಸಿ 1 ಮಾಡುವ ಸೂತ್ರವನ್ನೇ ಕೊಟ್ಟಿದ್ದಾರೆ. ಮೂರು ಭಿನ್ನವಾದರೆ 1/2 + 1/3 + 1/6. ನಾಲ್ಕಾದರೆ 1/2 + 1/3 + 1/9 + 1/18. ಮಗಳಿಗೆ ಮೂರರದ್ದನ್ನು ತೋರಿಸಿ, ನಾಲ್ಕರದ್ದನ್ನು ಅವಳೇ ಹುಡುಕಲಿ. ಯಾವ ಭಿನ್ನವೂ ಎರಡು ಸಲ ಬರಕೂಡದು.

ಸಾಗರದ ತಾಯಿ

ಇಬ್ಬರಿಗೂ ವಂದನೆಗಳು. ನೀರಿನ ಲೆಕ್ಕ ನಡೆಯುತ್ತಿದೆ. ಅಡುಗೆಮನೆಯ ಪಾತ್ರೆಗಳೆಲ್ಲ ಅವಳ ವಶದಲ್ಲಿವೆ. ನಾಲ್ಕು ಭಿನ್ನಕ್ಕೆ ಅವಳು ಕಂಡುಕೊಂಡದ್ದು 1/2 + 1/4 + 1/6 + 1/12. ಮೇಲಿನ ಉತ್ತರ ಬೇರೆ ಇದೆಯಲ್ಲ, ಇದೂ ಸರಿಯೇ? "12ನ್ನು 6, 3, 2, 1 ಎಂದು ಒಡೆದೆ" ಎನ್ನುತ್ತಾಳೆ.

ನಿವೃತ್ತ ಗಣಿತ ಶಿಕ್ಷಕ, ಧಾರವಾಡ

ನೂರಕ್ಕೆ ನೂರು ಸರಿ. ಆ ನಾಲ್ಕೂ 12ರ ಅಪವರ್ತನಗಳು, ಕೂಡಿದರೆ 12. ಇನ್ನು 24ನ್ನು ಕೊಟ್ಟು, ಐದು ಭಿನ್ನಗಳಲ್ಲಿ ಮಾಡು ಎನ್ನಿ. ಆಗುತ್ತದೆ. ಉತ್ತರವನ್ನು ಅವಳೇ ಹೇಳಲಿ ಎಂದು ಇಲ್ಲಿ ಬರೆಯುತ್ತಿಲ್ಲ.