ಶೋಭತ್ತೆ ಕಳಿಸಿದ ಬ್ರೇಕ್ ಮೆಸೇಜ್

ಮೊನ್ನೆ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತನ್ನು ಹಾಗೇ ಇಲ್ಲಿ ಹಾಕುತ್ತಿದ್ದೇನೆ. ನಾನು ಸತೀಶ, ಹಾಸನದಲ್ಲಿ ಲಾರಿ ರಿಪೇರಿ ಮಾಡುವವನು. ರಘು ಶೋಭತ್ತೆಯ ಮಗ, ಲಾರಿ ಓಡಿಸುತ್ತಾನೆ. ಮೆಸೇಜ್‌ನಲ್ಲಿರುವ ಬೂಸ್ಟರ್ ಅಂದರೆ ಚಕ್ರದ ಹತ್ತಿರ ಇರುವ, ಬ್ರೇಕ್ ಹಿಡಿಸುವ ಗಾಳಿ ಡಬ್ಬಿ. ಇಂಥ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಕೊನೆತನಕ ಓದಿ.

ಶೋಭತ್ತೆ: (ಫಾರ್ವರ್ಡ್) ಲಾರಿ ಬ್ರೇಕ್ ಜಾಮ್ ಆಯ್ತಾ? ಗಾಬರಿ ಬೇಡ! ಹಿಂದಿನ ಬೂಸ್ಟರ್ ಸುತ್ತ ಇರುವ ಪಟ್ಟಿ ಬಿಚ್ಚಿ. 2 ನಿಮಿಷದಲ್ಲಿ ಚಕ್ರ ಫ್ರೀ. ಎಲ್ಲ ಚಾಲಕ ಬಂಧುಗಳಿಗೂ ತಲುಪಿಸಿ 🙏🙏

ಶೋಭತ್ತೆ: ರಘು ಫೋನ್ ಮಾಡಿದ್ದ. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ಹತ್ತಿರ ಏರಿನಲ್ಲಿ ಗಾಡಿ ನಿಂತುಬಿಟ್ಟಿದೆಯಂತೆ. ಹಿಂದಿನ ಚಕ್ರ ಅಲ್ಲಾಡುತ್ತಿಲ್ಲ. ಈಗಿನ ಗಾಡಿಗಳೆಲ್ಲ ಹೀಗೇ ಅಂತ ನಾನು ಮೊದಲೇ ಹೇಳಿದ್ದೆ.

ದೊಡ್ಡಪ್ಪ: ಗಾಡಿಯದೇನೂ ತಪ್ಪಿಲ್ಲ. ಈಗಿನ ಹುಡುಗರಿಗೆ ಎದ್ದ ಕೂಡಲೇ ಮೊಬೈಲ್ ಬೇಕು. ನಾವು ಏರ್ ಟ್ಯಾಂಕಿನ ನೀರು ಬಿಡದೆ ಗಾಡಿ ಹೊರಡಿಸುತ್ತಿರಲಿಲ್ಲ. ದುಡಿಮೆಗೆ ಶಿಸ್ತು ಬೇಕು.

ಪ್ರಕಾಶ ಭಾವ: ಶೋಭತ್ತೆ, ಇದನ್ನು ಬರೆದವರು ಯಾರು? ಮೆಕ್ಯಾನಿಕ್ಕಾ? ಕೆಳಗೆ ಹೆಸರೇ ಇಲ್ಲವಲ್ಲ.

ಶೋಭತ್ತೆ: 2020ರಲ್ಲಿ ಕಷಾಯದ ಮೆಸೇಜ್ ಹಾಕಿದಾಗಲೂ ನೀವು ಹೀಗೇ ಕೇಳಿದ್ರಿ ಪ್ರಕಾಶ್. ಎಲ್ಲರ ಎದುರು. ನಾನು ಮರೆತಿಲ್ಲ.

ನಾನು: ಅತ್ತೆ, ಆ ಪಟ್ಟಿ ಬಿಚ್ಚಲೇಬಾರದು. ರಘುಗೆ ಹೇಳಿಬಿಟ್ಟಿದ್ದೀರಾ?

ಮಂಜ: ಮಾರನಹಳ್ಳಿ! ನಮ್ಮ ಹಳೇ ಲಾರಿ ನೆನಪಾಯ್ತು. ಆಲೂಗಡ್ಡೆ ಮೂಟೆ ಮೇಲೆ ಮಲಗಿ ಮಂಗಳೂರಿಗೆ ಹೋಗುತ್ತಿದ್ದೆವು. ಗುಂಡ್ಯದಲ್ಲಿ ಕ್ಲೀನರ್ ಹೊಳೆ ನೀರು ತಂದು ಕಾದ ಬ್ರೇಕ್ ಡ್ರಮ್ ಮೇಲೆ ಸುರಿಯುತ್ತಿದ್ದ. ಆ ಬ್ರೇಕ್ ಲೈನರ್ ವಾಸನೆ ಇನ್ನೂ ಮೂಗಿನಲ್ಲಿದೆ. ರಘು, ನೀನೂ ನೀರು ಹಾಕಿ ನೋಡು.

ಶೋಭತ್ತೆ: ಆ ಲಾರಿ ಮಾರದಿದ್ದರೆ ನನ್ನ ಮಗ ಸಾಲ ಮಾಡಿ ಗಾಡಿ ತೆಗೆಯಬೇಕಿತ್ತಾ? ಮಾರುವಾಗ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ದೊಡ್ಡಪ್ಪ: ಶೋಭಾ, 2011ರಲ್ಲಿ ಅದಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಿಗುತ್ತಿರಲಿಲ್ಲ. ನಿನ್ನ ಯಜಮಾನರ ಎದುರಿಗೇ ವ್ಯವಹಾರ ಮುಗಿಸಿದ್ದು.

ಪ್ರಕಾಶ ಭಾವ: ಮಾವ, ಮೊದಲು ಮೆಸೇಜ್ ವಿಷಯ ಮುಗಿಸೋಣ.

ದೊಡ್ಡಪ್ಪ: ಅಳಿಯಂದಿರೇ, ಇದು ಅಣ್ಣ ತಂಗಿಯ ಮಾತು.

ನಾನು: ಎಲ್ಲರೂ ಒಂದು ನಿಮಿಷ ಸುಮ್ಮನಿರಿ. ಅತ್ತೆ, ಆ ಬೂಸ್ಟರ್ ಒಳಗೆ ದಪ್ಪ ಸ್ಪ್ರಿಂಗ್ ಇರುತ್ತದೆ. ಗಾಳಿ ಅದನ್ನು ಒತ್ತಿ ಹಿಡಿದಿರುವ ತನಕ ಚಕ್ರ ತಿರುಗುತ್ತದೆ. ಗಾಳಿ ಕಮ್ಮಿ ಆದರೆ ಸ್ಪ್ರಿಂಗ್ ಚಾಚಿಕೊಂಡು ಬ್ರೇಕ್ ಹಾಕುತ್ತದೆ. ಗಾಳಿ ಇಲ್ಲದ ಗಾಡಿ ಘಾಟಿಯಲ್ಲಿ ಉರುಳಬಾರದು ಅಂತಲೇ ಹಾಗೆ ಮಾಡಿದ್ದಾರೆ. ಬ್ರೇಕ್ ಹಿಡಿದಾಗಲೂ ಆ ಸ್ಪ್ರಿಂಗ್‌ನಲ್ಲಿ ನೂರಾರು ಕಿಲೋ ಬಲ ಇರುತ್ತದೆ. ಪಟ್ಟಿ ಬಿಚ್ಚಿದರೆ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ. ಇದರಿಂದ ಜನ ಸತ್ತಿದ್ದಾರೆ ಅತ್ತೆ. ಮಂಜ, ಕಾದ ಡ್ರಮ್‌ಗೆ ನೀರು ಹಾಕಿದರೆ ಬಿರುಕು ಬಿಡಬಹುದು. ಅದೂ ಬೇಡ.

ನಾನು: ರಘು, ಟೈರ್ ಹಿಂದೆ ಕಲ್ಲು ಕೊಟ್ಟಿದ್ದೀಯಾ? ಗಾಳಿ ಮೀಟರ್ ಮುಳ್ಳು ಎಲ್ಲಿದೆ?

ಮಂಜ: ಆಗ ಕಲ್ಲು ಕೊಡುವ ಕೆಲಸ ನನ್ನದೇ ಆಗಿತ್ತು.

ರಘು: ಕೊಟ್ಟಿದ್ದೇನೆ ಸತೀಶ ಭಾವ. ಇಂಜಿನ್ ಓಡುತ್ತಿದೆ. ಆದರೂ ಮುಳ್ಳು 4 ಬಾರ್ ದಾಟುತ್ತಿಲ್ಲ. ಬಜರ್ ಕೂಗುತ್ತಲೇ ಇದೆ. ಎಡಗಡೆ ಹಿಂದೆ ಬುಸ್ ಅಂತ ಸದ್ದು.

ನಾನು: ಹಾಗಾದರೆ ಗಾಳಿ ಸೋರುತ್ತಿದೆ. ಮುಳ್ಳು 8ರ ಹತ್ತಿರ ಇದ್ದೂ ಹಿಂದಿನ ಚಕ್ರಗಳು ಬಿಡದಿದ್ದರೆ ಬೂಸ್ಟರ್‌ಗೆ ಗಾಳಿ ಬಿಡುವ ಹ್ಯಾಂಡ್‌ಬ್ರೇಕ್ ವಾಲ್ವ್, ರಿಲೇ ವಾಲ್ವ್ ನೋಡಬೇಕಿತ್ತು. ಒಂದೇ ಚಕ್ರ ಹಿಡಿದಿದ್ದರೆ ಆ ಚಕ್ರದ ಬ್ರೇಕ್ ಅಗಲಿಸುವ ಕ್ಯಾಮ್ ಶಾಫ್ಟ್‌ನ ಬುಷ್ ಮೇಲೆ ಅನುಮಾನ. ನೀನು ಆ ಪೈಪ್‌ಗೆ ಸೋಪಿನ ನೀರು ಹಾಕು. ಗುಳ್ಳೆ ಏಳುವ ಕಡೆ ಫೋಟೊ ತೆಗೆದು ಕಳಿಸು. ಬೂಸ್ಟರ್ ಹಿಂದಿನ ಬೋಲ್ಟ್ ತಿರುಗಿಸಿ ಬ್ರೇಕ್ ಬಿಡಿಸಬೇಡ. ಏರಿನಲ್ಲಿದ್ದೀಯ, ಲೋಡ್ ಇದೆ. ಹಿಂದಕ್ಕೆ ಉರುಳಿದರೆ ಹಿಡಿಯುವುದು ಕಷ್ಟ.

ರಘು: ಸಿಕ್ಕಿತು. ಪೈಪ್ ಚಾಸಿಗೆ ಉಜ್ಜಿ ತೂತಾಗಿದೆ. (ಫೋಟೊ)

ದೊಡ್ಡಪ್ಪ: ಹೊರಡುವ ಮೊದಲು ಗಾಡಿಗೆ ಒಂದು ಸುತ್ತು ಬಂದಿದ್ದರೆ ಕಾಣುತ್ತಿತ್ತು.

ರಘು: ಕತ್ತಲಲ್ಲಿ ಲೋಡ್ ಆಯ್ತು ಮಾವ.

ಶೋಭತ್ತೆ: ನನ್ನ ಮಗನನ್ನು ಬೈಯುವುದಕ್ಕೆ ಮಾತ್ರ ನೀನು ಮುಂದೆ ಅಣ್ಣ. ಸಾಲಕ್ಕೆ ಜಾಮೀನು ಕೇಳಿದಾಗ ಎಲ್ಲಿದ್ದೆ?

ನಾನು: ಪೈಪ್ ಕೊಟ್ಟು ಹುಡುಗನನ್ನು ಬೈಕ್‌ನಲ್ಲಿ ಕಳಿಸಿದ್ದೇನೆ ರಘು. ಒಂದೂವರೆ ಗಂಟೆ ಆಗಬಹುದು. ಅತ್ತೆ, ಆ ಮೆಸೇಜ್ ಬೇರೆ ಗುಂಪಿಗೂ ಹಾಕಿದ್ದೀರಾ?

ಶೋಭತ್ತೆ: ಭಜನೆ ಗುಂಪಿಗೆ ಹಾಕಿದೆ. ರಘುವಿನ ಡ್ರೈವರ್‌ಗಳ ಗುಂಪಿನಲ್ಲಿ ನಾನೂ ಇದ್ದೀನಲ್ಲ, ಅಲ್ಲಿಗೂ.

ನಾನು: ಮೊದಲು ಡ್ರೈವರ್‌ಗಳ ಗುಂಪಿನಲ್ಲಿ ಅಳಿಸಿ. ‘ಎಲ್ಲರಿಗೂ ಅಳಿಸಿ’ ಅಂತ ಒತ್ತಬೇಕು. ತಡೀರಿ, ಫೋನ್ ಮಾಡುತ್ತೇನೆ.