ಸಹಾಯ ಬೇಕು: ಪಿಟ್ಯುಟರಿ ಆಪರೇಷನ್ ನಂತರ ಗೋಣಿಕೊಪ್ಪ ಸುತ್ತ ಸೋಡಿಯಂ ಟೆಸ್ಟ್

ನಮಸ್ಕಾರ. ಪಿಟ್ಯುಟರಿಯಲ್ಲಿ (ಮಿದುಳಿನ ಬುಡದಲ್ಲಿರುವ ಹಾರ್ಮೋನ್ ಗ್ರಂಥಿ) ದ್ರವ ತುಂಬಿದ ಗಡ್ಡೆ ಇರುವ ಪೇಷೆಂಟ್ ಒಬ್ಬರಿಗೆ ಬೆಂಗಳೂರಿನಲ್ಲಿ ಮೂಗಿನ ಮೂಲಕ ಎಂಡೋಸ್ಕೋಪಿಕ್ ಆಪರೇಷನ್ ನಿಗದಿಯಾಗಿದೆ. ಎಂಆರ್‌ಐನಲ್ಲಿ ಗಡ್ಡೆ ನಡುಭಾಗದಿಂದ ಪಕ್ಕಕ್ಕೆ ಸರಿದಿದೆ, ಒಳಗಿನ ದ್ರವ ಎರಡು ಪದರವಾಗಿ ನಿಂತಿದೆ. ಹಾಗಾಗಿ ರಾತ್‌ಕೆ ಸಿಸ್ಟ್‌ಗಿಂತ (ಹುಟ್ಟಿನಿಂದಲೇ ಉಳಿದ ದ್ರವದ ಚೀಲ) ಸಿಸ್ಟಿಕ್ ಅಡಿನೋಮಾ (ಗ್ರಂಥಿಯಲ್ಲೇ ಬೆಳೆದ, ದ್ರವ ತುಂಬಿದ ಗಡ್ಡೆ) ಇರುವ ಸಾಧ್ಯತೆಯೇ ಹೆಚ್ಚು. ಸಿಟಿ ಸ್ಕ್ಯಾನ್‌ನಲ್ಲಿ ಕ್ಯಾಲ್ಸಿಯಂ ಕಾಣಲಿಲ್ಲ. ಆದರೂ ಕ್ರೇನಿಯೋಫ್ಯಾರಿಂಜಿಯೋಮಾ (ಅದೇ ಜಾಗದಲ್ಲಿ ಬೆಳೆಯುವ, ಹಲವು ಸಲ ಕ್ಯಾಲ್ಸಿಯಂ ಇರುವ ಇನ್ನೊಂದು ಗಡ್ಡೆ) ಅಲ್ಲ ಅನ್ನೋದು ಖಚಿತವಾಗಲು ದ್ರವ ತೆಗೆದರೆ ಸಾಲದು, ಸಿಸ್ಟ್‌ನ ಗೋಡೆಯ ಬಯಾಪ್ಸಿಯೇ ಆಗಬೇಕು.

ಚಿಂತೆ ಇರುವುದು ಮನೆಗೆ ಬಂದ ಮೇಲಿನ ದಿನಗಳದ್ದು. ಆಪರೇಷನ್ ಆದ 4ರಿಂದ 10ನೇ ದಿನದೊಳಗೆ ಸೋಡಿಯಂ ದಿಢೀರನೆ ಇಳಿಯಬಹುದು. ಮೊದಲು ತಲೆನೋವು, ವಾಕರಿಕೆ, ಮಂಕು. ತೀರಾ ಇಳಿದರೆ ಫಿಟ್ಸ್. ಸೋಡಿಯಂ 135 mmol/L ಗಿಂತ ಕೆಳಗೆ ಹೋದರೆ ಅವತ್ತೇ ಗೊತ್ತಾಗಬೇಕು. ಈ ಮಳೆಯಲ್ಲಿ ಮೈಸೂರಿಗೆ ರಕ್ತ ಕಳಿಸಿ ಮಾರನೇ ದಿನ ರಿಪೋರ್ಟ್ ಬಂದರೆ ಏನೂ ಪ್ರಯೋಜನವಿಲ್ಲ.

ಗೋಣಿಕೊಪ್ಪ, ವಿರಾಜಪೇಟೆ ಕಡೆ ಭಾನುವಾರವೂ ಎರಡು ಮೂರು ಗಂಟೆಯೊಳಗೆ ಸೋಡಿಯಂ ರಿಪೋರ್ಟ್ ಕೊಡುವ ಲ್ಯಾಬ್ ಯಾವುದು? ಆಪರೇಷನ್ ನಂತರ ಕಾರ್ಟಿಸೋಲ್ ಹಾರ್ಮೋನ್ ಕೊರತೆಯಾದರೆ ತುರ್ತಿಗೆ ಬೇಕಾಗುವ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಯಾವ ಮೆಡಿಕಲ್‌ನಲ್ಲಿ ಸ್ಟಾಕ್ ಇರುತ್ತದೆ? ಮೂಗಿನಿಂದ ತಿಳಿನೀರು ತೊಟ್ಟಿಕ್ಕತೊಡಗಿದರೆ ಮಿದುಳಿನ ದ್ರವ ಸೋರುತ್ತಿರಬಹುದು, ತಕ್ಷಣ ಹೊರಡಬೇಕು. ಆದ್ದರಿಂದ ರಾತ್ರಿ ಹೊತ್ತಲ್ಲೂ ಬೆಂಗಳೂರಿಗೆ ಬರುವ ಆಂಬ್ಯುಲೆನ್ಸ್ ಗೊತ್ತಿದ್ದವರು ದಯವಿಟ್ಟು ತಿಳಿಸಿ.