ದಿಣ್ಣೆ ಹೊಲ, ಒಂದಡಿ ಕೆಳಗೆ ಅಂಟು ಜೇಡಿ, ಅದರ ಕೆಳಗೆ ಸುದ್ದೆ (ಪುಡಿಯಾಗುವ ಅರೆಗಲ್ಲು). ತೆಂಗು ಹಾಕಬಹುದಾ? ಅನುಭವ ಇದ್ದವರು ಹೇಳಿ

ಪಾಂಡವಪುರ ಬೆದ್ದಲು:
ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಹತ್ತು ಗುಂಟೆ ದಿಣ್ಣೆ ಹೊಲ. ನಾಲೆ ನೀರು ಹತ್ತುವುದಿಲ್ಲ. ಅಪ್ಪನ ಕಾಲದಿಂದ ರಾಗಿ, ಹುರುಳಿ ಅಷ್ಟೇ. ಈ ಸಲ ತೆಂಗು ಹಾಕೋಣ ಅಂತ ಮೂರಡಿ ಗುಂಡಿ ಒಂದು ತೆಗೆಸಿದೆ. ಮೇಲೆ ಒಂದಡಿ ಮರಳು ಮಿಶ್ರ ಕೆಂಪು ಮಣ್ಣು. ಅಲ್ಲಿಂದ ಕೆಳಗೆ ಬರೀ ಜೇಡಿ. ಗುದ್ದಲಿಗೆ ಮೆತ್ತಿಕೊಂಡರೆ ಕೈಯಲ್ಲಿ ಕಿತ್ತು ತೆಗೆಯಬೇಕು. ತಳದಲ್ಲಿ ಹಾರೆ ಹಾಕಿ ನೋಡಿದೆ, ಇನ್ನರ್ಧ ಅಡಿಗೆ ಸುದ್ದೆ ಸಿಕ್ಕಿತು. ಮಳೆಗೆ ಗುಂಡಿ ತುಂಬಿತ್ತು, ಮೂರು ದಿನ ಆದರೂ ನೀರು ಇಂಗಿಲ್ಲ. ಕೆರೆ ಗೋಡು (ಕೆರೆಯ ಹೂಳು) ಹೊಡೆಸಲಾ? ಜಿಪ್ಸಂ ಹಾಕಲಾ? ತೆಂಗೇ ಬೇಡವಾ? ದಯವಿಟ್ಟು ಹೇಳಿ.

ನಾಗಮಂಗಲ ದಿಣ್ಣೆ:
ಅಣ್ಣಾ, ನಿಮ್ಮ ಗುಂಡಿ ಓದಿ ಹೊಟ್ಟೆ ಉರಿಯಿತು. ನನ್ನದೂ ಇದೇ ಕತೆ. 2021ರಲ್ಲಿ 80 ಗುಂಡಿ ತೆಗೆಸಿದೆ. ಜೆಸಿಬಿ ಗಂಟೆಗೆ 1,100, ಒಂಬತ್ತೂವರೆ ಗಂಟೆ, 10,450 ರೂಪಾಯಿ. ಸಸಿ ಒಂದಕ್ಕೆ 120ರಂತೆ 9,600. ಕೊಟ್ಟಿಗೆ ಗೊಬ್ಬರ ನಾಲ್ಕು ಟ್ರ್ಯಾಕ್ಟರ್, 14,000. ಅಲ್ಲಿಗೆ 34,050 ಆಯಿತು. ಕೂಲಿ ಬೇರೆ. ಹಿಂದಿನ ದಿನ ಮಳೆ ಬಿದ್ದಿತ್ತು. ಮಣ್ಣು ಮೆತ್ತಗಿದೆ, ಬೇಗ ಆಗುತ್ತೆ ಅಂದ ಡ್ರೈವರ್. ನಾನೂ ಹೂಂ ಅಂದೆ. ಬಕೆಟ್ ಉಜ್ಜಿದ ಕಡೆ ಗುಂಡಿಯ ಗೋಡೆ ಗಾರೆ ಮಾಡಿದ ಹಾಗೆ ನುಣ್ಣಗೆ ಆಯಿತು. ನೋಡೋಕೆ ಚೆನ್ನಾಗಿತ್ತು. ಅದೇ ನನ್ನ ತೋಟ ತಿಂದಿದ್ದು.

2022ರ ಮಳೆ ನಿಮಗೆಲ್ಲ ನೆನಪಿರುತ್ತೆ. ಗುಂಡಿಯೊಳಗೆ ಸಡಿಲ ಮಣ್ಣು, ಗೊಬ್ಬರ. ಸುತ್ತ ಜೇಡಿ. ಹೊಲದ ನೀರೆಲ್ಲ ಗುಂಡಿಗೇ ಇಳಿಯಿತು, ಆಚೆ ಹೋಗಲಿಲ್ಲ. ದೀಪಾವಳಿ ಹೊತ್ತಿಗೆ ಸುಳಿ ಹಳದಿ. ಒಂದು ಸಸಿ ಕಿತ್ತು ನೋಡಿದೆ. ಬೇರು ಒಂದೂ ಗೋಡೆ ದಾಟಿಲ್ಲ. ಸಿಂಬೆ ಸುತ್ತಿದ ಹಾಗೆ ಗುಂಡಿಯೊಳಗೇ ಸುತ್ತಿಕೊಂಡಿದೆ, ತುದಿಯೆಲ್ಲ ಕಪ್ಪು, ಕೊಳೆತ ಮೊಟ್ಟೆ ವಾಸನೆ. 80ರಲ್ಲಿ 53 ಹೋದವು. ನಮ್ಮವ್ವ ಆ ಗುಂಡಿ ಹತ್ತಿರ ಕೂತು ಅತ್ತಿದ್ದು ನಾನು ಮರೆಯೋಕಾಗಲ್ಲ. ಹಸಿಯಲ್ಲಿ ಜೆಸಿಬಿ ಇಳಿಸಬೇಡಿ. ಹದ ನೋಡಿ ಇಳಿಸಿ.

ಕೆ.ಆರ್. ಪೇಟೆ ಗೋಡು:
ಇಷ್ಟೆಲ್ಲ ಯಾಕೆ ಕಷ್ಟ? ಗೋಡು ಹೊಡೆಸಿ. 2023ರ ಬೇಸಿಗೆಯಲ್ಲಿ ನಮ್ಮೂರ ಕೆರೆ ಒಣಗಿತ್ತು. ಪಂಚಾಯಿತಿಯಲ್ಲಿ ಕೇಳಿಯೇ ತೆಗೆದೆವು. ಒಂದೂವರೆ ಎಕರೆಗೆ 62 ಲೋಡು, ಲೋಡಿಗೆ 650, ಒಟ್ಟು 40,300. ಹರಡೋಕೆ ಮತ್ತೆ 5,500. ಊರವರು ನಕ್ಕರು. 2024ರಲ್ಲಿ ನನ್ನ ರಾಗಿ ನೋಡಿ ಅದೇ ಜನ ಬದುವಿನ ಮೇಲೆ ನಿಂತು ಮಾತಾಡಿದರು. ಹದಿನೈದು ದಿನ ಮಳೆ ಕೈಕೊಟ್ಟಾಗ ಪಕ್ಕದ ಹೊಲ ಸುರುಟಿಕೊಂಡಿತ್ತು, ನಮ್ಮದು ಹಸಿರಾಗಿ ನಿಂತಿತ್ತು. ನಮ್ಮ ತಾತ ಗಾಡಿಯಲ್ಲಿ ಗೋಡು ಹೊಡೆಯುತ್ತಿದ್ದರು. ಅವರಿಗೆ ಯಾವ ಲ್ಯಾಬೂ ಬೇಕಿರಲಿಲ್ಲ.

ಮಣ್ಣಿನ ಮಗಳು:
ಗೋಡು ಒಳ್ಳೆಯದೇ ಅಣ್ಣಾ, ಆದರೆ ನಿಮ್ಮದು ರಾಗಿ. ಅವರು ಕೇಳಿದ್ದು ತೆಂಗು. ಗೋಡು ಮೇಲಿನ ಮರಳು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಕೊಡುತ್ತದೆ. ಒಂದಡಿ ಕೆಳಗಿರುವ ಜೇಡಿಗೆ ಅದು ಏನೂ ಮಾಡುವುದಿಲ್ಲ.

ನಾನು ಕೃಷಿ ಓದಿದ್ದೇನೆ, ಈಗ ಟಿ. ನರಸೀಪುರದ ಹತ್ತಿರ ಅಪ್ಪನ ಜಮೀನು ನೋಡಿಕೊಳ್ಳುತ್ತೇನೆ. ಈ ಮಣ್ಣು ಹೊಳೆ ತಂದು ಹಾಕಿದ್ದಲ್ಲ. ನಮ್ಮ ಕಡೆ ಕೆಳಗಿರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆ ಕಲ್ಲು. ಆ ಕಲ್ಲೇ ನಿಂತ ಜಾಗದಲ್ಲಿ ಶಿಥಿಲವಾಗಿ ಮಣ್ಣಾಗಿದೆ. ಸುದ್ದೆ ಅಂದರೆ ಅರ್ಧ ಕಲ್ಲು, ಅರ್ಧ ಮಣ್ಣು. ಅದನ್ನು ಕೈಯಲ್ಲಿ ಹಿಸುಕಿ ನೋಡಿ. ಕಲ್ಲಿನ ಪಟ್ಟೆ ಹಾಗೇ ಕಾಣುತ್ತದೆ, ಆದರೆ ಪುಡಿಯಾಗುತ್ತದೆ, ಬೆರಳಿಗೆ ಕಾಗೆ ಬಂಗಾರ (ಅಭ್ರಕ) ಮಿಣಮಿಣ ಅಂಟುತ್ತದೆ. ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಯಿತು. ಬೆಣಚು ಕರಗಲಿಲ್ಲ, ಮರಳಾಗಿ ಉಳಿಯಿತು. ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಯಿತು. ಸಾವಿರಾರು ವರ್ಷ ಮಳೆ ನೀರು ನುಣುಪಾದ ಜೇಡಿಯನ್ನು ಮೇಲಿನಿಂದ ತೊಳೆದು ಕೆಳಗೆ ಕೂರಿಸಿದೆ. ಅದಕ್ಕೇ ಮೇಲೆ ಮರಳು, ಕೆಳಗೆ ಅಂಟು. ಒಂದು ಹೆಂಟೆ ಒಣಗಿಸಿ ಮುರಿದು ನೋಡಿ, ಒಡೆದ ಮೈಯಲ್ಲಿ ಎಣ್ಣೆ ಸವರಿದ ಹಾಗೆ ಹೊಳಪು ಕಾಣುತ್ತದೆ. ಅದು ಹಾಗೆ ಇಳಿದು ಬಂದ ಜೇಡಿಯ ಪೊರೆ.

ಇನ್ನೊಂದು ಮಾತು. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ತಾನೇ ಸಡಿಲವಾಗುತ್ತದೆ. ಕೆಂಪು ಜೇಡಿ ಅಷ್ಟು ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಒಮ್ಮೆ ತುಳಿದು ಗಟ್ಟಿ ಮಾಡಿದರೆ ಹಾಗೇ ಕೂತಿರುತ್ತದೆ. ನಾಗಮಂಗಲದ ಅಣ್ಣನ ಗುಂಡಿಯಲ್ಲಿ ಆಗಿದ್ದು ಅದೇ.

ಕೆ.ಆರ್. ಪೇಟೆ ಗೋಡು:
ಪುಸ್ತಕ ಓದಿದವರಿಗೆ ನಮಸ್ಕಾರ ತಾಯಿ. ನಮ್ಮ ತಾತನ ತೆಂಗು ಇವತ್ತಿಗೂ ಕಾಯಿ ಬಿಡುತ್ತಿದೆ, ಅದೂ ದಿಣ್ಣೆಯಲ್ಲೇ.

ಮಣ್ಣಿನ ಮಗಳು:
ನಿಮ್ಮ ತಾತ ಜೆಸಿಬಿಯಲ್ಲಿ ಗುಂಡಿ ತೆಗೆಸಲಿಲ್ಲ ಅಲ್ವಾ? ಗುದ್ದಲಿಯ ಗುಂಡಿಗೆ ಗೋಡೆ ಒರಟು, ಬೇರು ನುಗ್ಗುತ್ತದೆ. ಅವರು ಮಾಡಿದ್ದು ಸರಿ. ಅದನ್ನೇ ನಾನೂ ಹೇಳುತ್ತಿರುವುದು.

ಮದ್ದೂರು ನಾಲೆ ಬಯಲು:
ಜಿಪ್ಸಂ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅನುಭವ ಕೇಳಿ. ಒಂದು ಎಕರೆ ಗದ್ದೆಯಲ್ಲಿ ಬೆಳ್ಳಗೆ ಚೌಳು (ಉಪ್ಪು) ಎದ್ದು ಪೈರು ಹತ್ತುತ್ತಿರಲಿಲ್ಲ. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) 9.1 ಬಂತು. ಬಸಿಗಾಲುವೆ ತೆಗೆಸಿದೆ, 18,000. ಜಿಪ್ಸಂ ಹಾಕಿ, ನೀರು ಕಟ್ಟಿ, ಬಸಿದು, ಮತ್ತೆ ಕಟ್ಟಿದೆ. ಹಸಿರು ಗೊಬ್ಬರದ ಡಯಾಂಚ ಬಿತ್ತಿ ಹೂವಾಗುವ ಮೊದಲು ಉತ್ತು ಮಣ್ಣಿಗೆ ಸೇರಿಸಿದೆ. ಮೂರನೇ ವರ್ಷ ಭತ್ತ ಕಂಡೆ. ಅಂಟು ಮಣ್ಣಿಗೆ ಜಿಪ್ಸಂ ಬಿಟ್ಟರೆ ಬೇರೆ ದಾರಿ ಇಲ್ಲ.

ಹುಣಸೂರು ಹೊಂಡ:
ನಿಮ್ಮಂಥವರ ಮಾತು ಕೇಳಿಯೇ ನಾನು ಕೆಟ್ಟಿದ್ದು! ಅಂಗಡಿಯವನು ಅಂಟು ಮಣ್ಣು ಅಂದ ಕೂಡಲೇ 24 ಮೂಟೆ ಜಿಪ್ಸಂ ಕಟ್ಟಿಸಿದ. ಮೂಟೆಗೆ 330, ಒಟ್ಟು 7,920. ಆಟೋ ಬಾಡಿಗೆ ಬೇರೆ. ದಿಣ್ಣೆ ಮಣ್ಣಿಗೆ ಹಾಕಿದೆ. ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದರೆ ರಸಸಾರ 6.4. ಚೌಳೇ ಇಲ್ಲದ ಮಣ್ಣಿಗೆ ಚೌಳಿನ ಔಷಧಿ. ನಾಲೆ ಬಯಲಿನವರು ದಯವಿಟ್ಟು ದಿಣ್ಣೆಯವರಿಗೆ ಸಲಹೆ ಕೊಡಬೇಡಿ.

ಮದ್ದೂರು ನಾಲೆ ಬಯಲು:
ನಾನು ಹಾಕಿ ಅಂತ ನಿಮಗೆ ಹೇಳಿದ್ನಾ? ಪರೀಕ್ಷೆ ಮಾಡಿಸದೆ ಹಾಕಿದ್ದು ನೀವು. ನಾಲೆ ಇದ್ದರೆ ಸುಖ ಅಂದುಕೊಂಡಿದ್ದೀರಿ. ಮೇಲಿನ ಹೊಲದವರು ಹಗಲೂ ರಾತ್ರಿ ನೀರು ಬಿಟ್ಟು, ಅದು ನಮ್ಮ ತಗ್ಗಿಗೆ ಬಸಿದು ಬಂದೇ ಚೌಳಾಗಿದ್ದು. ಒಂದು ವರ್ಷ ಬಂದು ಇದ್ದು ನೋಡಿ.

ಮಣ್ಣಿನ ಮಗಳು:
ಇಬ್ಬರೂ ಹೇಳಿದ್ದು ನಿಮ್ಮ ನಿಮ್ಮ ಮಣ್ಣಿಗೆ ಸರಿ. ಮದ್ದೂರಿನ ಅಣ್ಣನ ಮಣ್ಣಿನಲ್ಲಿ ಸೋಡಿಯಂ ಇತ್ತು, ಜಿಪ್ಸಂನ ಕ್ಯಾಲ್ಸಿಯಂ ಅದನ್ನು ಓಡಿಸಿತು, ಬಸಿಗಾಲುವೆ ಹೊರಗೆ ಕಳಿಸಿತು. ದಿಣ್ಣೆಯಲ್ಲಿ ಮಳೆ ನೀರು ಇಳಿದು ಹೋಗುವ ಕಡೆ ಸೋಡಿಯಂ ಅಷ್ಟು ನಿಲ್ಲುವುದಿಲ್ಲ. ಪಾಂಡವಪುರದವರು ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಲಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ, ಹತ್ತಿರವೇ ಇದೆ. ಗಿಡಕ್ಕೆ ಅಂದರೆ ಮೇಲಿನ ಆರಿಂಚು ಮಾತ್ರ ಸಾಲದು. ಒಂದೊಂದು ಅಡಿಗೆ ಬೇರೆ ಬೇರೆ ಚೀಲ, ಮೇಲೆ ಚೀಟಿ.

ಹುಣಸೂರು ಹೊಂಡ:
ಆಯಿತಮ್ಮ. ಸಿಟ್ಟಿನಲ್ಲಿ ಅಂದೆ, ಆದರೆ ದುಡ್ಡು ಹೋದ ನೋವು ದೊಡ್ಡದು. ನನ್ನ ಕೃಷಿ ಹೊಂಡದ ಕತೆ ಇನ್ನೂ ಹೇಳಿಲ್ಲ. 30 ಅಡಿ ಉದ್ದ, 30 ಅಡಿ ಅಗಲ. ಐದಡಿ ತನಕ ಜೇಡಿ ಸಿಕ್ಕಿತು. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಇನ್ನೂ ಆಳ ಹೋದರೆ ಜಾಸ್ತಿ ನೀರು ಅಂತ ಹತ್ತಡಿ ಮಾಡಿಸಿದೆ. ಕೆಳಗಿನ ಐದಡಿ ಪೂರ್ತಿ ಸುದ್ದೆ. ಮೊದಲ ದೊಡ್ಡ ಮಳೆಗೆ ಹೊಂಡ ತುಂಬಿತು. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದೆ. ನಾಲ್ಕನೇ ದಿನ ಹೋದರೆ ತಳದಲ್ಲಿ ಕಪ್ಪೆ ಕೂತಿದ್ದವು, ನೀರಿಲ್ಲ. ಸುದ್ದೆ ಪೂರ್ತಿ ಕುಡಿದಿತ್ತು. ಆಮೇಲೆ ಪ್ಲಾಸ್ಟಿಕ್ ಹಾಳೆ ಹಾಸೋಕೆ 41,000. ಆ ಜೇಡಿ ದೇವರು ಕೊಟ್ಟ ತಳ. ಯಾರೇ ಹೇಳಲಿ, ಜೇಡಿ ಒಡೆಯಬೇಡಿ.

ಬನ್ನೂರು ತೋಟ:
ನಾನು ಒಡೆದೆ, ನನ್ನ ತೋಟ ಉಳಿಯಿತು. ದಿಣ್ಣೆಯಲ್ಲಿ 40 ತೆಂಗು. ಫೆಬ್ರವರಿಯಲ್ಲಿ, ಮಣ್ಣು ಪುಡಿಯಾಗುವ ಹದದಲ್ಲಿ, ಆಳುಗಳಿಂದಲೇ ಗುಂಡಿ ತೆಗೆಸಿದೆ. ಗುಂಡಿಗೆ 180 ಕೂಲಿ, 7,200. ಪ್ರತಿ ಗುಂಡಿಯ ತಳದಲ್ಲಿ ಗುಂಡಿ ಕೊರೆಯುವ ಯಂತ್ರದಲ್ಲಿ ಒಂದು ತೂತು, ಜೇಡಿ ದಾಟಿ ಸುದ್ದೆ ಮುಟ್ಟುವ ತನಕ. ಯಂತ್ರದ ಬಾಡಿಗೆ ಎರಡು ದಿನಕ್ಕೆ 3,000. ಜೇಡಿ ಮೆತ್ತಿಕೊಂಡು ಒಂದು ಬ್ಲೇಡು ಮುರಿಯಿತು, 850 ದಂಡ. ತೂತಿಗೆ ಸಣ್ಣ ಜಲ್ಲಿ ತುಂಬಿಸಿದೆ. ಗೋಡೆಯನ್ನು ಹಾರೆಯಿಂದ ಗೀರಿಸಿದೆ. ಗುಂಡಿಗೆ ಬರೀ ಗೊಬ್ಬರ ತುಂಬಿಸಲಿಲ್ಲ, ಅದೇ ಹೊಲದ ಮಣ್ಣು ಜಾಸ್ತಿ, ಗೊಬ್ಬರ ಕಡಿಮೆ. 2022ರ ಮಳೆಯಲ್ಲಿ ರಾತ್ರಿ ತುಂಬಿದ ನೀರು ಮಾರನೇ ದಿನ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. 40ರಲ್ಲಿ 38 ನಿಂತಿವೆ. ಹೋದ ಎರಡು ಹಂದಿ ತಿಂದಿದ್ದು.

ಹುಣಸೂರು ಹೊಂಡ:
ಬೇಸಿಗೆಯಲ್ಲಿ ನೀರು ಕೊಟ್ಟರೆ ಅದೂ ಇದೇ ತೂತಿನಲ್ಲಿ ಹೋಗುತ್ತದಲ್ಲ ಸ್ವಾಮಿ? 2023ರ ಬರದಲ್ಲಿ ಏನು ಮಾಡಿದಿರಿ?

ಬನ್ನೂರು ತೋಟ:
ಡ್ರಿಪ್ ಹಾಕಿದೆ. ತೊಟ್ಟು ತೊಟ್ಟು ಬಿದ್ದ ನೀರು ತೂತಿನ ತನಕ ಹೋಗುವುದಿಲ್ಲ, ಸುತ್ತಲಿನ ಮಣ್ಣೇ ಹಿಡಿಯುತ್ತದೆ. ಬುಡಕ್ಕೆ ಗರಿ, ಸಿಪ್ಪೆ ಹೊದಿಸಿದೆ. ನಡುವೆ ಹುರುಳಿ ಬಿತ್ತಿದೆ. ಕಷ್ಟ ಆಗಲಿಲ್ಲ ಅಂತ ಹೇಳುತ್ತಿಲ್ಲ. ಟ್ಯಾಂಕರ್‌ಗೆ 900ರಂತೆ ಹನ್ನೊಂದು ಸಲ ತರಿಸಿದ್ದೇನೆ. ಆದರೆ ನಿಮ್ಮ ಹೊಂಡಕ್ಕೆ ನೀರು ನಿಲ್ಲಬೇಕು, ನನ್ನ ಗಿಡಕ್ಕೆ ನಿಲ್ಲಬಾರದು. ಎರಡನ್ನೂ ಒಂದೇ ತಕ್ಕಡಿಗೆ ಯಾಕೆ ಹಾಕುತ್ತೀರಿ?

ಹುಣಸೂರು ಹೊಂಡ:
ತಕ್ಕಡಿಗೆ ಹಾಕುತ್ತಿಲ್ಲ. ಎಲ್ಲರೂ ತೂತು ಕೊರೆಯುತ್ತಾ ಹೋದರೆ ಮೇಲಿನ ಗೊಬ್ಬರವೆಲ್ಲ ಸುದ್ದೆ ಪಾಲು. ಅದಕ್ಕೆ ಹೆದರಿ ಹೇಳಿದೆ.

ಮೈಸೂರು ಸೈಟು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಬೋಗಾದಿ ಕಡೆ ಸೈಟಿನಲ್ಲಿ ಪಾಯ ತೆಗೆದಾಗ ಇದೇ ಕೆಂಪು ಜೇಡಿ ಬಂತು. ಮೇಸ್ತ್ರಿ ಇನ್ನೂ ಎರಡಡಿ ಹೋಗಬೇಕು, 60,000 ಜಾಸ್ತಿ ಆಗುತ್ತೆ ಅನ್ನುತ್ತಿದ್ದಾರೆ. ಹೋಗಬೇಕಾ?

ನಾಗಮಂಗಲ ದಿಣ್ಣೆ:
ಸಾರ್, ಇಲ್ಲಿ 53 ಸಸಿ ಸತ್ತ ಮಾತು ನಡೆಯುತ್ತಿದೆ. ಮನೆ ವಿಷಯ ಬೇರೆ ಕಡೆ ಕೇಳಿ.

ಮಣ್ಣಿನ ಮಗಳು:
ಬಿಡಿ ಅಣ್ಣಾ, ಅವರದೂ ಮಣ್ಣೇ. ಸಾರ್, ಎರೆಯಷ್ಟು ಇದು ಉಬ್ಬಿ ಕುಗ್ಗುವುದಿಲ್ಲ, ಆದ್ದರಿಂದ ಗೋಡೆ ಬಿರುಕಿನ ಭಯ ಕಡಿಮೆ. ಆದರೆ ಆಳ ಎಷ್ಟು ಅಂತ ಎಂಜಿನಿಯರ್ ಬಂದು ಪಾಯ ನೋಡಿ ಹೇಳಬೇಕು. ನಾನು ಬರೀ ಹೊಲ ಓದಿದವಳು.

ಕೆ.ಆರ್. ಪೇಟೆ ಗೋಡು:
ತೂತು, ಜಲ್ಲಿ, ಡ್ರಿಪ್ಪು ಅಂತ ಲೆಕ್ಕ ಹಾಕಿ, ನನ್ನ 40,300ಕ್ಕಿಂತ ಜಾಸ್ತಿಯೇ ಆಗುತ್ತದೆ. ಗುಂಡಿಯೇ ತೆಗೆಯದೆ ಗೋಡಿನ ದಿಬ್ಬ ಮಾಡಿ ಅದರ ಮೇಲೆ ಸಸಿ ನೆಟ್ಟರೆ?

ಬನ್ನೂರು ತೋಟ:
ಇದು ಒಳ್ಳೆಯ ಮಾತು. ಆ 40 ಗುಂಡಿ ಬಿಟ್ಟು, ಕೊನೆಯ ಸಾಲಿನ ಆರು ಗಿಡ ಹಾಗೇ ನೆಟ್ಟಿದ್ದು, ಒಂದೂವರೆ ಅಡಿ ದಿಬ್ಬ. ಮಳೆಯಲ್ಲಿ ಅವೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಬೇಸಿಗೆಯಲ್ಲಿ ಬೇಗ ಒಣಗುತ್ತವೆ, ಗಾಳಿಗೆ ವಾಲುತ್ತವೆ, ವರ್ಷವರ್ಷ ಮಣ್ಣು ಏರಿಸಬೇಕು.

ನಾಗಮಂಗಲ ದಿಣ್ಣೆ:
ಉಳಿದ 27 ಗಿಡದ ಸುತ್ತ ನಾನು ಈಗ ತೊಗರಿ ಹಾಕುತ್ತಿದ್ದೇನೆ. ತೊಗರಿ ಬೇರು ಗಟ್ಟಿ ಪದರಕ್ಕೆ ಇಳಿಯುತ್ತದೆ, ಕೊಯ್ದ ಮೇಲೆ ಬೇರು ಕೊಳೆತು ದಾರಿ ಬಿಡುತ್ತದೆ. ಕೂಳೆ ಕೀಳಿಸುವುದಿಲ್ಲ. ಹೋದ ವರ್ಷ ಒಂದು ಕಡೆ ಅಗೆದು ನೋಡಿದೆ. ತೊಗರಿ ಬೇರು ಹೋದ ತೂತಿನಲ್ಲೇ ತೆಂಗಿನ ಬೇರೊಂದು ಇಳಿದಿತ್ತು, ಬೆಳ್ಳಗೆ, ಬೆರಳು ದಪ್ಪ. ಅವ್ವನನ್ನು ಕರೆದು ತೋರಿಸಿದೆ.

ಪಾಂಡವಪುರ ಬೆದ್ದಲು:
ಎಲ್ಲರ ಮಾತೂ ಎರಡೆರಡು ಸಲ ಓದಿದೆ. ನಿನ್ನೆ ಅದೇ ಗುಂಡಿಯ ನೀರು ತೋಡಿ ಹಾಕಿ, ತಳದ ಒಂದು ಮೂಲೆಯಲ್ಲಿ ಹಾರೆಯಿಂದ ಸುದ್ದೆ ಮುಟ್ಟುವ ತನಕ ತೂತು ಮಾಡಿದೆ. ಸಂಜೆ ಆರಕ್ಕೆ ಹನ್ನೆರಡು ಕೊಡ ನೀರು ಹೊಯ್ದೆ. ಬೆಳಿಗ್ಗೆ ಆರಕ್ಕೆ ಹೋದರೆ ಗುಂಡಿ ಖಾಲಿ. ತೂತಿನ ಬಾಯಲ್ಲಿ ಕಾಗೆ ಬಂಗಾರ ಹೊಳೆಯುತ್ತಿತ್ತು. ಮೂರು ಚೀಲ ಮಣ್ಣು ಕಟ್ಟಿಟ್ಟಿದ್ದೇನೆ, ಸೋಮವಾರ ವಿ.ಸಿ. ಫಾರಂಗೆ ಒಯ್ಯುತ್ತೇನೆ. ಈ ವರ್ಷ ತೊಗರಿ ಬಿತ್ತುತ್ತೇನೆ. ಗುಂಡಿ ಬರುವ ಫೆಬ್ರವರಿಗೆ. ಬನ್ನೂರಿನ ಅಣ್ಣಾ, ಆ ಯಂತ್ರ ಎಷ್ಟು ಇಂಚಿನದು? ಬ್ಲೇಡು ಮುರಿಯದ ಹಾಗೆ ಏನು ಮಾಡಬೇಕು?

ಬನ್ನೂರು ತೋಟ:
ಆರಿಂಚು. ಒಂದೇ ಸಲ ಒತ್ತಬೇಡಿ. ಅರ್ಧ ಅಡಿ ಹೋದ ಮೇಲೆ ಎತ್ತಿ, ಜೇಡಿ ಕೆರೆದು, ಮತ್ತೆ ಇಳಿಸಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ, ಬ್ಲೇಡು ಅದ್ದಿ ತೆಗೆದರೆ ಮೆತ್ತುವುದು ಕಡಿಮೆ.